ಹಳ್ಳ 3 ಮೀಟರ್, ಪೈಪು 60 ಸೆಂಟಿಮೀಟರ್

ಮಲೆನಾಡಿನ ಒಳರಸ್ತೆಗಳಲ್ಲಿ ಹಳ್ಳಕ್ಕೆ ಅಡ್ಡ ಹೂತಿರುವ ಸಿಮೆಂಟ್ ಪೈಪುಗಳನ್ನು ಕಿತ್ತು, ಹಳ್ಳದ ಅಗಲಕ್ಕೆ ತಕ್ಕ ಬಾಕ್ಸ್ ಮೋರಿ ಕಟ್ಟಿ ಎಂದರೆ ಪೈಪಿನ ಪಕ್ಷದವರು ಕೊಡುವ ಉತ್ತರ ಊರೂರಿಗೂ ಒಂದೇ. ಬಿಡಿಬಿಡಿಯಾಗಿ ಕೇಳಿದಾಗ ಒಂದೊಂದು ವಾದವೂ ಸರಿಯೆನ್ನಿಸುತ್ತದೆ. ಒಟ್ಟಿಗೆ ಕೂರಿಸಿದರೆ ಎತ್ತು ಏರಿಗೆ, ಕೋಣ ನೀರಿಗೆ. ಓದುಗರೇ ನ್ಯಾಯಾಧೀಶರಾಗಲಿ.

"ಹಳ್ಳದಲ್ಲಿ ನೀರೆಲ್ಲಿದೆ ಸ್ವಾಮಿ? ಎರಡು ಪೈಪು ಧಾರಾಳ ಸಾಕು." ಈ ಮಾತು ಹುಟ್ಟುವುದು ಎಸ್ಟಿಮೇಟು ಬರೆಯುವ ಮಾರ್ಚ್ ತಿಂಗಳಲ್ಲಿ, ಹಳ್ಳದ ಕಲ್ಲುಗಳು ಒಣಗಿ ಬೆಳ್ಳಗಾಗಿರುವಾಗ. ಹಳ್ಳ ತನ್ನ ಅಳತೆ ತೋರಿಸುವುದು ಜುಲೈನಲ್ಲಿ. 60 ಸೆಂಟಿಮೀಟರ್ ವ್ಯಾಸದ ಎರಡು ಪೈಪುಗಳ ಬಾಯಿ ಸೇರಿಸಿದರೆ 0.57 ಚದರ ಮೀಟರ್. 3 ಮೀಟರ್ ಅಗಲದ ಹಳ್ಳದಲ್ಲಿ 1 ಮೀಟರ್ ಆಳಕ್ಕೆ ನೀರು ಬಂದರೆ ಅದಕ್ಕೆ ಬೇಕಾದ ಜಾಗ 3 ಚದರ ಮೀಟರ್. ಐದರಲ್ಲಿ ಒಂದು ಪಾಲೂ ಆಗಲಿಲ್ಲ, ಅದೂ ಪೈಪು ಸ್ವಚ್ಛವಾಗಿದ್ದಾಗ. ತೋಟದಿಂದ ತೇಲಿಬಂದ ಒಂದು ಅಡಿಕೆ ಹಾಳೆ ಪೈಪಿನ ಬಾಯಿಗೆ ಅಡ್ಡ ಕೂತರೆ ಅದಕ್ಕೊಂದು ಸೋಗೆ ಸಿಕ್ಕಿಕೊಳ್ಳುತ್ತದೆ, ಸೋಗೆಗೆ ತರಗೆಲೆ, ತರಗೆಲೆಯ ಮೇಲೆ ಕೆಸರು. ಆಮೇಲೆ ಎಷ್ಟು ಬಾಯಿ ಉಳಿಯಿತೆಂದು ಯಾವ ಎಸ್ಟಿಮೇಟೂ ಹೇಳುವುದಿಲ್ಲ.

ಇದೇ ಜನ ಆಗಸ್ಟಿನಲ್ಲಿ ರಸ್ತೆ ಕೊಚ್ಚಿಹೋದಾಗ ಬೇರೆ ರಾಗ ತೆಗೆಯುತ್ತಾರೆ: "ಕಂಡು ಕೇಳರಿಯದ ಮಳೆ, ಯಾರೇನು ಮಾಡೋಕಾಗುತ್ತೆ?" ಮಾರ್ಚ್‌ನಲ್ಲಿ ನೀರೇ ಇಲ್ಲದ ಹಳ್ಳ, ಆಗಸ್ಟ್‌ನಲ್ಲಿ ಪ್ರಳಯ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಮೋರಿ ಕಟ್ಟುವವರಿಗೆ ಮಾತ್ರ ಪ್ರತಿಸಲವೂ ಹೊಸ ಸುದ್ದಿ. ಹಳ್ಳಕ್ಕೆ ನೀರು ಹರಿದುಬರುವ ಪ್ರದೇಶ ಎಷ್ಟು, ಇಳಿಜಾರು ಎಷ್ಟು, ಮಳೆಯ ಬಿರುಸು ಎಷ್ಟು ಎಂದು ನೋಡಿ ಮೋರಿಯ ಬಾಯಿ ನಿರ್ಧರಿಸುವ ವಿಧಾನ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಸ್‌ಪಿ 13 ಎಂಬ ಕೈಪಿಡಿಯಲ್ಲಿದೆ. ಆ ಲೆಕ್ಕದ ಹಾಳೆ ತೋರಿಸಿ ಎಂದರೆ ಹಾಳೆಯ ಬದಲು ಹೆದರಿಕೆ ಬರುತ್ತದೆ.

ಹೆದರಿಕೆ ಹೀಗಿದೆ: "ಬಾಯಿ ಅಗಲ ಮಾಡಿದರೆ ಕೆಳಗಿನವರ ಗದ್ದೆ ತೊಳೆದುಹೋದೀತು." ಈ ಒಂದು ವಾದಕ್ಕೆ ನಾನು ಋಣಿ. ಪೈಪು ನೀರನ್ನು ತಡೆಯುತ್ತಿದೆ ಎಂದು ಅವರೇ ಒಪ್ಪಿಕೊಂಡಂತಾಯಿತಲ್ಲ! ಎರಡು ಪೈಪು ಧಾರಾಳವಾಗಿದ್ದರೆ ದೊಡ್ಡ ಮೋರಿಯಿಂದ ಹೆಚ್ಚಿನ ನೀರು ಬರುವುದೆಲ್ಲಿಂದ? ಎರಡರಲ್ಲಿ ಒಂದನ್ನು ಅವರು ಬಿಡಲೇಬೇಕು. ಇನ್ನು ತಡೆದ ನೀರು ನಿಲ್ಲುವುದು ಮೇಲಿನವರ ತೋಟದಲ್ಲಿ. ದಿನಗಟ್ಟಲೆ ಹೊಯ್ಯುವ ಮಳೆಗೆ ಆ ಜಾಗ ತುಂಬಲು ಹೊತ್ತು ಬೇಕಿಲ್ಲ. ತುಂಬಿದ ಮೇಲೆ ನೀರು ರಸ್ತೆ ಹತ್ತುತ್ತದೆ, ಅಂಚಿನ ಮಣ್ಣು ಕೊರೆಯುತ್ತದೆ, ಕೊನೆಗೊಮ್ಮೆ ಮಣ್ಣು, ಜಲ್ಲಿ, ಪೈಪು ಸಮೇತ ಕೆಳಗಿನ ಗದ್ದೆಗೇ ನುಗ್ಗುತ್ತದೆ. ಕೆಳಗೆ ಹಳ್ಳವನ್ನೇ ಒತ್ತುವರಿ ಮಾಡಿ ಕಿರಿದಾಗಿಸಿದ್ದರೆ ಅದನ್ನು ಮೊದಲು ಬಿಡಿಸಬೇಕು, ನಿಜ. ಅದು ಒತ್ತುವರಿಯ ತಪ್ಪು, ಮೋರಿಯದಲ್ಲ.

ಇನ್ನು ಮೀನಿನ ವಿಷಯ. "ಮೀನಿಗೆ ಈಜು ಕಲಿಸಬೇಕೆ? ಪೈಪಿನಲ್ಲೂ ಹತ್ತುತ್ತದೆ." ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆಯಿಡಲು ಏರುವ ಹತ್ತುಮೀನನ್ನು ಒಮ್ಮೆ ನಿಂತು ನೋಡಿದವರು ಹೀಗೆ ಹೇಳಲಾರರು. ಅದು ಒಂದೇ ಸಮನೆ ಈಜಿ ಹತ್ತುವುದಿಲ್ಲ. ಕಲ್ಲಿನ ಮರೆಯಲ್ಲಿ ತಂಗುತ್ತದೆ, ಒಂದು ನೂಕಿಗೆ ಮುಂದಿನ ಕಲ್ಲು ತಲುಪುತ್ತದೆ, ಮತ್ತೆ ತಂಗುತ್ತದೆ. ಸ್ಥೂಲ ಲೆಕ್ಕದಲ್ಲಿ ಮೀನು ಸೆಕೆಂಡಿಗೆ ತನ್ನ ಮೈಯುದ್ದದ ಸುಮಾರು ಹತ್ತು ಪಟ್ಟು ದೂರ ನುಗ್ಗಬಲ್ಲದು, ಅದೂ ಕೆಲವೇ ಸೆಕೆಂಡು. ಅಂದರೆ 10 ಸೆಂಟಿಮೀಟರ್ ಮೀನಿಗೆ ಸೆಕೆಂಡಿಗೆ 1 ಮೀಟರ್. ನುಣುಪಾದ ಪೈಪಿನಲ್ಲಿ ಇಕ್ಕಟ್ಟಿಗೆ ಸಿಕ್ಕಿದ ನೀರು ಸೆಕೆಂಡಿಗೆ 2 ಮೀಟರ್ ಓಡಿದರೆ ಆ ಮೀನು ಎಷ್ಟು ಈಜಿದರೂ ಹಿಂದಕ್ಕೇ. ಅಲ್ಲಿ ತಂಗಲು ಕಲ್ಲೂ ಇಲ್ಲ. ಸಾಲದ್ದಕ್ಕೆ ಪೈಪಿನಿಂದ ಚಿಮ್ಮುವ ನೀರು ಕೆಳಗೆ ಗುಂಡಿ ಕೊರೆದು, ವರ್ಷಗಳು ಕಳೆದಂತೆ ಪೈಪಿನ ಅಂಚು ಹಳ್ಳದ ಮಟ್ಟದಿಂದ ಮೊಣಕಾಲೆತ್ತರ ಮೇಲೆ ನಿಲ್ಲುತ್ತದೆ. ಗುಂಡಿಯಿಂದ ಹಾರಿದ ಮೀನು ಸಿಮೆಂಟಿಗೆ ಮೂತಿ ಬಡಿದು ಮತ್ತೆ ಗುಂಡಿಗೇ ಬೀಳುತ್ತದೆ.

"ಮೀನು ಕಡಿಮೆಯಾದದ್ದು ಶಿಕಾರಿಯಿಂದ, ಮೋರಿಯಿಂದಲ್ಲ." ಇದರಲ್ಲಿ ಅರ್ಧ ಸತ್ಯವಿದೆ, ಮೊಟ್ಟೆ ಹೊತ್ತ ಮೀನನ್ನು ಕಡಿಯುವುದನ್ನು ಸಮರ್ಥಿಸುವವನು ನಾನಲ್ಲ. ಆದರೆ ರಾತ್ರಿ ಟಾರ್ಚು, ಕತ್ತಿ, ಕೂಣಿ ಹಿಡಿದವರು ನಿಲ್ಲುವುದೆಲ್ಲಿ? ಅದೇ ಪೈಪಿನ ಕೆಳಗಿನ ಗುಂಡಿಯ ಬಳಿ. ಹತ್ತಲಾಗದ ಮೀನು ರಾಶಿಯಾಗುವುದು ಅಲ್ಲೇ ಎಂದು ಅವರಿಗೆ ಯಾವ ಎಂಜಿನಿಯರೂ ಹೇಳಿಕೊಡಬೇಕಿಲ್ಲ. ಶಿಕಾರಿಗೆ ನಿಷೇಧ ಹೊರಡಿಸಿ, ಶಿಕಾರಿಯ ಕಟ್ಟೆಯನ್ನು ಸರ್ಕಾರದ ಖರ್ಚಿನಲ್ಲಿ ಕಟ್ಟಿಕೊಟ್ಟರೆ ಹೇಗೆ?

"ಲಿಂಗನಮಕ್ಕಿಯಂಥ ಅಣೆಕಟ್ಟೇ ಇರುವಾಗ ಒಂದು ಮೋರಿ ಯಾವ ಲೆಕ್ಕ?" ದೊಡ್ಡ ದಾರಿ ಮುಚ್ಚಿದೆಯೆಂದೇ ಉಳಿದ ಸಣ್ಣ ದಾರಿಗಳ ಬೆಲೆ ಹೆಚ್ಚು. ಹಿನ್ನೀರಿನ ಮೀನೂ ಮೊಟ್ಟೆಗೆ ಹಳ್ಳವನ್ನೇ ಹುಡುಕುತ್ತದೆ.

ರಾಜಿಯ ಧ್ವನಿಯಲ್ಲಿ ಬರುವ ಮಾತೊಂದಿದೆ: "ಇನ್ನೊಂದು ಪೈಪು ಸೇರಿಸೋಣ ಬಿಡಿ." ಮೂರು ಪೈಪಿಗೆ 0.85 ಚದರ ಮೀಟರ್. ಹಾಳೆ ಸಿಕ್ಕಿಕೊಳ್ಳಲು ಎರಡರ ಬದಲು ಮೂರು ಬಾಯಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮೀನಿನ ಹಾದಿಯ ಮೋರಿಗೆ ಬಳಸುವ ಒಂದು ಸೂತ್ರವಿದೆ: ದಡ ತುಂಬಿ ಹರಿಯುವಾಗಿನ ಅಗಲದ 1.2 ಪಟ್ಟು, ಅದರ ಮೇಲೆ ಎರಡು ಅಡಿ. 3 ಮೀಟರ್ ಹಳ್ಳಕ್ಕೆ ಅದು ಸುಮಾರು 4.2 ಮೀಟರ್. ನಮ್ಮ ನಿಯಮದಲ್ಲಿ 6 ಮೀಟರ್ ತನಕ ಮೋರಿಯೇ. ಯಾರೂ ಸೇತುವೆ ಕೇಳುತ್ತಿಲ್ಲ. ಬಾಕ್ಸ್ ಎಂದು ಕಟ್ಟಿ ಅದರ ನೆಲವನ್ನು ಹಳ್ಳಕ್ಕಿಂತ ಎತ್ತರಕ್ಕೆ ಕೂರಿಸುವ ಜಾಣತನವೂ ಬೇಡ. ನೆಲ ಹಳ್ಳದ ಮಟ್ಟಕ್ಕಿಂತ ಕೆಳಗಿರಬೇಕು, ಅದರ ಮೇಲೆ ಹಳ್ಳದ್ದೇ ಕಲ್ಲು, ಮರಳು ಇರಬೇಕು.

ಉಳಿದದ್ದು ಹಣ. "ಮೀನಿಗಾಗಿ ಮೋರಿ ಒಡೆದ ಸರ್ಕಾರ ಜಗತ್ತಿನಲ್ಲಿ ಎಲ್ಲಿದೆ?" ಅದೇ ವಾಷಿಂಗ್ಟನ್‌ನಲ್ಲಿದೆ, ಆದರೆ ಸ್ವಂತ ಇಷ್ಟದಿಂದಲ್ಲ. ಸಾಲ್ಮನ್ ಮೀನಿಗೆ ಅಡ್ಡವಾದ ರಾಜ್ಯದ ಮೋರಿಗಳ ವಿರುದ್ಧ 21 ಬುಡಕಟ್ಟುಗಳು 2001ರಲ್ಲಿ ನ್ಯಾಯಾಲಯಕ್ಕೆ ಹೋದವು. ಮೀನು ಹಿಡಿಯುವ ಹಕ್ಕನ್ನು 1850ರ ದಶಕದ ಒಪ್ಪಂದಗಳಲ್ಲೇ ಉಳಿಸಿಕೊಂಡಿದ್ದೇವೆ, ಮೀನೇ ಬರದಿದ್ದರೆ ಹಕ್ಕಿಗೇನರ್ಥ ಎಂದು ಕೇಳಿದವು. ವಿನ್ಯಾಸಕ್ಕೆ ಕೇಂದ್ರ ಸರ್ಕಾರವೇ ಒಪ್ಪಿತ್ತು, ಬೇರೆಯವರ ಅಡ್ಡಗಳೂ ಇವೆ, ಖರ್ಚು ವಿಪರೀತ ಎಂದು ರಾಜ್ಯ ವಾದಿಸಿತು. ನಮ್ಮವರು ಅಲ್ಲಿಂದಲೇ ತರಿಸಿಕೊಂಡರೋ ಎನ್ನುವಷ್ಟು ಹೋಲಿಕೆ. ಮೋರಿ ಬದಲಿಸಲು 2013ರಲ್ಲಿ ಆದೇಶವಾಯಿತು. 2018ರ ಜೂನ್ 11ರಂದು ಸುಪ್ರೀಂ ಕೋರ್ಟ್ 4-4ರಲ್ಲಿ ಸಮನಾಗಿ ಒಡೆದು, ಕೆಳಗಿನ ತೀರ್ಪೇ ಉಳಿಯಿತು. ನಮ್ಮಲ್ಲಿ ಅಂಥ ಒಪ್ಪಂದವಿಲ್ಲ, ಒಪ್ಪಿದೆ. ಹಾಗಾದರೆ ಬರೀ ರಸ್ತೆಯ ಲೆಕ್ಕವನ್ನೇ ನೋಡೋಣ. 2011ರಲ್ಲಿ ಐರೀನ್ ಚಂಡಮಾರುತ ವರ್ಮಾಂಟ್ ರಾಜ್ಯದಲ್ಲಿ ನೂರಾರು ಮೋರಿಗಳನ್ನು ಹಾಳುಮಾಡಿತು. ಅಲ್ಲಿನ ಗ್ರೀನ್ ಮೌಂಟನ್ ಅರಣ್ಯದಲ್ಲಿ ಮೀನಿಗೆಂದು ಹಳ್ಳದ ಅಗಲಕ್ಕೆ ಕಟ್ಟಿದ್ದ ಮೋರಿಗಳು ನಿಂತವು. ಮೀನಿಗೆ ಹಾಕಿದ ಹಣ ರಸ್ತೆಯನ್ನು ಉಳಿಸಿತು. ಪೈಪು ಅಗ್ಗ ಎನ್ನುವವರು ಅದನ್ನು ಎಷ್ಟು ಸಲ ಹೂಳಲಾಯಿತು, ಪ್ರತಿಸಲ ಜೆಸಿಬಿಗೆ, ಜಲ್ಲಿಗೆ, ಡಾಂಬರಿಗೆ ಎಷ್ಟು ಹೋಯಿತು ಎಂಬ ಬಿಲ್ಲುಗಳನ್ನು ಕೂಡಿಸಿ ತೋರಿಸಲಿ.

ನಿಮ್ಮ ಊರಿನ ಮೋರಿಯ ಎಸ್ಟಿಮೇಟು ಗ್ರಾಮಸಭೆಗೆ ಬಂದಾಗ ಎರಡು ಅಂಕಿಗಳನ್ನು ಹುಡುಕಿ: ಮಳೆಗಾಲದಲ್ಲಿ ಅಳೆದ ಹಳ್ಳದ ಅಗಲ, ಮತ್ತು ಮೋರಿಯ ನೆಲ ಹಳ್ಳದ ಮಟ್ಟಕ್ಕಿಂತ ಎಷ್ಟು ಕೆಳಗೆ ಎಂಬುದು. ಎರಡೂ ಇಲ್ಲದ ಕಾಗದಕ್ಕೆ ಒಪ್ಪಿಗೆ ಕೊಡಬೇಡಿ.