ಮಾರಿಕುಪ್ಪದ ರೈಲು

ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಹುಡುಗನೊಬ್ಬ ದಿನವೂ ತೂಕಡಿಸುತ್ತಿದ್ದ. ಹಳಗನ್ನಡದ ಪಾಠಕ್ಕೆ ನಿದ್ದೆ ಬರುವುದು ಅಪರಾಧವಲ್ಲ. ಬಾರದಿದ್ದರೇ ಉಪಾಧ್ಯಾಯ ಆಶ್ಚರ್ಯಪಡಬೇಕು. ಆದರೂ ಒಂದು ದಿನ ಕರೆದು ಕೇಳಿದೆ.

“ಮಾರಿಕುಪ್ಪದಿಂದ ಬರ್ತೀನಿ ಸಾರ್. ನಾಲ್ಕಕ್ಕೇ ಏಳಬೇಕು” ಎಂದ.

ಗದರಿಸಲು ಸಿದ್ಧವಾಗಿದ್ದ ನಾಲಗೆ ಹಿಂದೆ ಸರಿಯಿತು. ಒಂದು ಭಾನುವಾರ ಅವನ ಊರಿಗೇ ಹೋಗಿ ರಾತ್ರಿ ಅವರ ಮನೆಯಲ್ಲಿ ಉಳಿದೆ.

ಬಂಗಾರಪೇಟೆಯಲ್ಲಿ ಮುಖ್ಯ ದಾರಿಯಿಂದ ಕವಲೊಡೆದು ಕೋಲಾರದ ಚಿನ್ನದ ಗಣಿಗಳಿಗೆ ಹೋಗುವ ಈ ಮಾರ್ಗ ಸುಮಾರು 16 ಕಿಲೋಮೀಟರು, ತೆರೆದದ್ದು 1894ರಲ್ಲಿ. ಅದರ ಕಟ್ಟಕಡೆಯ ನಿಲ್ದಾಣವೇ ಮಾರಿಕುಪ್ಪ. ಊರಿನವರ ಅನುಕೂಲವನ್ನು ನೆನೆದು ಯಾರೂ ಇಲ್ಲಿಗೆ ಕಂಬಿ ಹಾಸಲಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಬರುವ ತನಕ ಗಣಿಯ ಯಂತ್ರಗಳು ನಡೆದದ್ದು ಉಗಿಯಿಂದ. ಉಗಿಗೆ ಕಲ್ಲಿದ್ದಲು ಬೇಕು, ಸುರಂಗಕ್ಕೆ ಆಸರೆಯಾಗಿ ಮರ ಬೇಕು, ಕಬ್ಬಿಣ ಬೇಕು. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಆ ಗಣಿಗಳ ಹಸಿವು ಸಾಮಾನ್ಯವೆ? ತಮಿಳು ಜಿಲ್ಲೆಗಳಿಂದ, ಚಿತ್ತೂರಿನ ಕಡೆಯಿಂದ ಆಳುಗಳೂ ಬಂದರು. ಹುಡುಗನ ಮುತ್ತಾತ ಹಾಗೆ ಬಂದವನು.

ತಾತನೂ ಗಣಿಯಲ್ಲಿ ದುಡಿದವನೇ. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂದು ಒಡೆತನ ಕೈ ಬದಲಾಯಿಸುತ್ತ ಬಂದು, 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ತೆಗೆದ ನೆಲವಂತೆ! ನಾನು ಮಲಗಿದ್ದ ಕೋಣೆಯ ಮಾಡಿಗೆ ತಗಡು ಹೊದಿಸಿತ್ತು.

“ಆಗ ಪಾಳಿಯ ಸೈರನ್ನಿಗೆ ಏಳ್ತಿದ್ವಿ ಸಾರ್. ಈಗ ಇವನ ರೈಲಿಗೆ ಏಳ್ತೀನಿ” ಎಂದು ಮುದುಕ ನಕ್ಕ. ನಸುಕಿಗೆ ಮುಂಚೆ ಬುತ್ತಿ ಕಟ್ಟಿಕೊಟ್ಟವನೂ ಅವನೇ. ನನಗೂ ಒಂದು ಪೊಟ್ಟಣವಿತ್ತು.

ನಿಲ್ದಾಣದಲ್ಲಿ ಆಗಲೇ ಜಾತ್ರೆ. ಕಾವಲುಗಾರರು, ಹೊಲಿಗೆಯ ಕಾರ್ಖಾನೆಗೆ ಹೋಗುವ ಹೆಂಗಸರು, ಅಂಗಡಿಯ ಗುಮಾಸ್ತರು. ಚಾಂಪಿಯನ್, ಉರಿಗಾಂ, ಕೋರಮಂಡಲ್ ಎಂದು ಹಳೆಯ ಗಣಿಗಳ ಹೆಸರುಗಳೇ ಹಲಗೆಗಳ ಮೇಲೆ ಒಂದೊಂದಾಗಿ ಬಂದುವು. ಒಂದೊಂದರಲ್ಲೂ ಇನ್ನಷ್ಟು ಜನ ನುಗ್ಗಿದರು. ಗಣಿಗೆ ಆಳು ತರುತ್ತಿದ್ದ ದಾರಿ ಈಗ ಬೆಂಗಳೂರಿಗೆ ಆಳು ಕಳುಹಿಸುತ್ತಿದೆ. ಬಂಗಾರಪೇಟೆಗೆ ಬರುವಷ್ಟರಲ್ಲಿ ಕಾಲೂರಲೂ ಸ್ಥಳವಿರಲಿಲ್ಲ. ಹುಡುಗ ನಿಂತೇ ನಿದ್ದೆಹೋದ. ಅದೂ ಒಂದು ವಿದ್ಯೆಯೇ, ನನಗೆ ಒಲಿಯಲಿಲ್ಲ.

ಅಂದು ಮೊದಲ ಗಂಟೆಯ ಪಾಠದಲ್ಲಿ ಆಕಳಿಸಿದವನು ನಾನು. ಆ ತರಗತಿಯನ್ನು ಮೂರನೆಯ ಗಂಟೆಗೆ ಬದಲಿಸಿಕೊಡಿರೆಂದು ಸಹೋದ್ಯೋಗಿಯೊಬ್ಬರನ್ನು ಕೇಳಿದ್ದೇನೆ. ಅವರಿನ್ನೂ ಒಪ್ಪಿಲ್ಲ.