ಪಂಜರದ ಹಕ್ಕಿಗೆ ಫಲಾಹಾರ

ತಾನುಣ್ಣುವುದನ್ನೇ ಪ್ರೀತಿಪಾತ್ರರಿಗೂ ಉಣಿಸಬೇಕೆಂಬುದು ಮನುಷ್ಯಸ್ವಭಾವ. ಸಾಕಿದ ಹಕ್ಕಿಯ ವಿಷಯದಲ್ಲಿ ಈ ವಾತ್ಸಲ್ಯವು ವಿವೇಕದೊಡನೆ ಕೂಡಿರತಕ್ಕದ್ದು. ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧವಾದುದು. ಆದುದರಿಂದ ನಾವು ಇಲ್ಲಿ ಹೇಳುವುದು ಆಸ್ಟ್ರೇಲಿಯಾ ಮೂಲದ ಬಜರಿಗಾರ್ ಹಕ್ಕಿಯನ್ನು ಕುರಿತು. ಜನರು ಇದನ್ನೇ 'ಲವ್ ಬರ್ಡ್ಸ್' ಎನ್ನುವುದುಂಟು.

ಇದರ ತೂಕ ಸುಮಾರು 30–40 ಗ್ರಾಂ ಮಾತ್ರ. ನಮಗೆ ಬಾಧಕವಲ್ಲದ ವಸ್ತುವೂ ಇಷ್ಟು ಸಣ್ಣ ದೇಹಕ್ಕೆ ಪ್ರಾಣಾಂತಕವಾಗಬಹುದು. ಬೆಣ್ಣೆಹಣ್ಣೇ ಇದಕ್ಕೆ ನಿದರ್ಶನ. ಮಕ್ಕಳಿಗೆ ಪುಷ್ಟಿಕರವಾದ ಈ ಫಲದಲ್ಲಿರುವ ಪರ್ಸಿನ್ ಎಂಬ ದ್ರವ್ಯವು ಹಕ್ಕಿಯ ಹೃದಯವನ್ನು ಕೆಡಿಸುತ್ತದೆ. ಅದನ್ನು ಎಳ್ಳಷ್ಟೂ ಕೊಡಲಾಗದು. ಸೇಬಿನ ಬೀಜವು ಜಗಿದಾಗ ಸಯನೈಡ್ ವಿಷವನ್ನು ಹುಟ್ಟಿಸುವುದರಿಂದ, ಬೀಜಗಳನ್ನು ತೆಗೆದು ತಿರುಳನ್ನಷ್ಟೇ ಕೊಡಬೇಕು. ಪರಂಗಿ, ಮಾವು, ದಾಳಿಂಬೆಗಳು ಹಿತಕರ.

ಹಣ್ಣನ್ನು ಹೆಚ್ಚುವ ಮೊದಲೇ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಸಿಪ್ಪೆಯ ಕೊಳೆಯು ಕತ್ತಿಯೊಡನೆ ತಿರುಳಿಗಿಳಿಯುತ್ತದೆ. ಸಾಬೂನು ಸಲ್ಲದು. ಮಾಂಸವನ್ನಾಗಲಿ ಈರುಳ್ಳಿಯನ್ನಾಗಲಿ ಹೆಚ್ಚಿದ ಕತ್ತಿಯನ್ನು ತೊಳೆಯದೆ ಬಳಸಬಾರದು. ಬಾವಲಿ, ಅಳಿಲು ಕಚ್ಚಿದ ಹಣ್ಣನ್ನು ಎಸೆಯುವುದೇ ಲೇಸು. ಉಗುರಗಲದ ಒಂದು ತುಂಡು ಸಾಕು; ಕಾಳು, ಸೊಪ್ಪುಗಳೇ ಮುಖ್ಯಾಹಾರ. ಉಳಿದುದನ್ನು ಎರಡು ಗಂಟೆಯೊಳಗೆ ತೆಗೆದು, ತಟ್ಟೆಯನ್ನೂ ಕೈಗಳನ್ನೂ ತೊಳೆಯತಕ್ಕದ್ದು.

ಹಕ್ಕಿಯು ತನ್ನ ರೋಗವನ್ನು ಮರೆಮಾಚುವ ಜೀವಿ. ಗರಿ ಕೆದರಿ ಪಂಜರದ ತಳದಲ್ಲಿ ಕುಳಿತರೆ, ಮನೆಮದ್ದಿನಲ್ಲಿ ಕಾಲಹರಣ ಮಾಡದೆ ಕೂಡಲೇ ಪಶುವೈದ್ಯರ ಬಳಿಗೆ ಒಯ್ಯಬೇಕೆಂದು ಗೃಹಿಣಿಯರಲ್ಲಿ ನಮ್ಮ ವಿಜ್ಞಾಪನೆ.