ಒಂದೇ ಸಲ ಇಳಿಸಿ, ಹತ್ತು ಲ್ಯಾಪ್‌ಟಾಪಿಗೆ ಹಂಚಿ

ಯಲ್ಲಾಪುರದ ಕಡೆಯ ಒಂದು ಶಾಲೆ. ಯಾರೋ ದಾನ ಕೊಟ್ಟ ಹತ್ತು ಹಳೇ ಲ್ಯಾಪ್‌ಟಾಪ್, ಎಲ್ಲದರಲ್ಲೂ ಉಬುಂಟು. ಇಂಟರ್ನೆಟ್ ಅಂದ್ರೆ ಸಿಮ್ ಹಾಕಿದ ಒಂದು ಡಾಂಗಲ್, ದಿನಕ್ಕೆ 1.5 ಜಿಬಿ. ಅಲ್ಲಿ ಪಾಠ ಮಾಡುವ ನನ್ನ ಗೆಳತಿ ಅಪ್‌ಡೇಟ್ ಬಂದಾಗಲೆಲ್ಲ ‘ಆಮೇಲೆ’ ಅಂತ ಒತ್ತಿ ಒತ್ತಿ, ಕೊನೆಗೆ ಅಪ್‌ಡೇಟನ್ನೇ ಆಫ್ ಮಾಡಿಬಿಟ್ಟಳು. ಬೈಯೋಕೂ ಆಗಲ್ಲ. 300 ಎಂಬಿ ಅಪ್‌ಡೇಟ್ ಹತ್ತು ಮಷೀನಿಗೆ ಅಂದ್ರೆ 3 ಜಿಬಿ, ಎರಡು ದಿನ ಮಕ್ಕಳಿಗೆ ನೆಟ್ಟೇ ಇಲ್ಲ. ಆದ್ರೆ ಅಪ್‌ಡೇಟ್ ಇಲ್ಲದ ಮಷೀನಿನಲ್ಲಿ ಭದ್ರತೆಯ ತೂತುಗಳು ಹಾಗೇ ಉಳೀತವೆ. ಅದರಲ್ಲೇ ಮಕ್ಕಳ ಪಾಸ್‌ವರ್ಡು, ಟೀಚರ್ ಮೇಲ್ ಎಲ್ಲ ಓಡಾಡೋದು.

ಯೋಚಿಸಿ ನೋಡಿ, ಹತ್ತೂ ಮಷೀನು ತರಿಸಿಕೊಳ್ಳೋದು ಅದೇ ಫೈಲನ್ನ. ಬೀದಿಗೆಲ್ಲ ಒಂದೇ ಪೇಪರ್ ಬೇಕಿದ್ದರೂ ಮನೆಮನೆಯವರೂ ಪೇಟೆಗೆ ಹೋಗಿ ತಂದ ಹಾಗೆ! ಒಬ್ಬರು ತಂದು ಜಗಲಿ ಮೇಲಿಟ್ಟರೆ ಸಾಕಲ್ವಾ? ಆ ಜಗಲಿಯ ಹೆಸರು ಕ್ಯಾಶಿಂಗ್ ಪ್ರಾಕ್ಸಿ. ಉಬುಂಟು, ಡೆಬಿಯನ್‌ಗೆ ಇರೋದು ಆಪ್ಟ್-ಕ್ಯಾಶರ್-ಎನ್‌ಜಿ ಅನ್ನೋ ಪ್ಯಾಕೇಜ್. ಹಣ ಕೊಡಬೇಕಿಲ್ಲ, ಹಳೇ ಮಷೀನೇ ಸಾಕು.

ಒಂದು ಲ್ಯಾಪ್‌ಟಾಪಿಗೆ ಅದನ್ನು ಹಾಕಿ. ರೂಟರ್ ಸೆಟ್ಟಿಂಗಿನಲ್ಲಿ ಆ ಮಷೀನಿನ ಐಪಿ ವಿಳಾಸ ಬದಲಾಗದಂತೆ ಕಾದಿರಿಸಿ. ಈ ಹೆಜ್ಜೆ ಬಿಟ್ಟರೆ ಎರಡೇ ದಿನಕ್ಕೆ ‘ಕೆಲಸಾನೇ ಮಾಡ್ತಿಲ್ಲ’ ಅನ್ನೋ ಫೋನು ಬರುತ್ತೆ. ಉಳಿದ ಒಂಬತ್ತರಲ್ಲಿ ಆಪ್ಟ್‌ನ ಕಾನ್ಫಿಗ್ ಫೋಲ್ಡರಿನಲ್ಲಿ ಒಂದು ಪುಟ್ಟ ಫೈಲ್, ಅದರಲ್ಲಿ ಒಂದೇ ಸಾಲು: ನಿನ್ನ ಎಚ್‌ಟಿಟಿಪಿ ಪ್ರಾಕ್ಸಿ ಈ ವಿಳಾಸದಲ್ಲಿದೆ, ಪೋರ್ಟ್ 3142. ಪೋರ್ಟ್ ನಂಬರ್ ಮರೆತರೆ ಹೈಸ್ಕೂಲಿನ ಪೈ ನೆನೆಸಿಕೊಳ್ಳಿ. ಜಗಲಿ ಮಷೀನಿಗೂ ಅದೇ ಸಾಲು ಹಾಕಿ, ಮೊದಲು ಅದನ್ನೇ ಅಪ್‌ಡೇಟ್ ಮಾಡಿ. ಆಮೇಲೆ ಉಳಿದವಕ್ಕೆ ಕೊಟ್ಟರೆ ಫೈಲುಗಳು ಡಾಂಗಲ್ ಮುಟ್ಟದೆ ವೈಫೈನಲ್ಲೇ ಓಡಿ ಬರ್ತವೆ. ಎಲ್ಲದರಲ್ಲೂ ಒಂದೇ ಆವೃತ್ತಿಯ ಉಬುಂಟು ಇದ್ದರೆ ಮಾತ್ರ ಪೂರ್ತಿ ಲಾಭ.

‘ನಡುವೆ ಕೂತ ಮಷೀನು ಫೈಲಿಗೆ ಏನಾದ್ರೂ ಸೇರಿಸಿಬಿಟ್ಟರೆ?’ ಒಳ್ಳೇ ಪ್ರಶ್ನೆ. ಪ್ಯಾಕೇಜ್ ಪಟ್ಟಿಗೆ ಉಬುಂಟುವಿನವರ ಡಿಜಿಟಲ್ ಸಹಿ ಇರುತ್ತೆ, ಪಟ್ಟಿಯಲ್ಲಿ ಪ್ರತಿ ಫೈಲಿನ ಬೆರಳಚ್ಚಿನಂಥ ಹ್ಯಾಶ್ ಇರುತ್ತೆ. ಅದನ್ನು ತಾಳೆ ನೋಡೋದು ಪ್ರತಿ ಲ್ಯಾಪ್‌ಟಾಪೂ ತಾನೇ. ಒಂದಕ್ಷರ ಬದಲಾದರೂ ಇನ್‌ಸ್ಟಾಲ್ ಆಗಲ್ಲ. ಹಾಗಂತ ಪ್ರಾಕ್ಸಿಯನ್ನು ಹೊರಗಿನ ಇಂಟರ್ನೆಟ್ಟಿಗೆ ತೆರೆದಿಡಬೇಡಿ. ಅದು ಮನೆಯೊಳಗೇ ಇರಲಿ.

ಎಲ್ಲವೂ ಉಳಿತಾಯ ಆಗಲ್ಲ, ಅದನ್ನೂ ಹೇಳಿಬಿಡ್ತೀನಿ. ಉಬುಂಟು 22.04ರಿಂದ ಫೈರ್‌ಫಾಕ್ಸ್ ಬರೋದು ಸ್ನ್ಯಾಪ್ ರೂಪದಲ್ಲಿ, ಅದು ಈ ದಾರಿ ಹಿಡಿಯೋದೇ ಇಲ್ಲ. ಎಚ್‌ಟಿಟಿಪಿಎಸ್ ಮೂಲಕ ಬರುವ ಬೇರೆ ಕಂಪನಿಗಳ ರೆಪಾಸಿಟರಿಗಳನ್ನೂ ಇದು ಸುಮ್ಮನೆ ಕೂಡಿಡಲ್ಲ. ಸೆಟ್ಟಿಂಗಿನಲ್ಲಿ ಅನುಮತಿ ಕೊಟ್ಟರೆ ದಾಟಿಸುತ್ತೆ, ಅಷ್ಟೇ.

ಲಿನಕ್ಸ್ ಇಲ್ಲದವರಿಗೆ ಇಷ್ಟೂ ಕಷ್ಟ ಇಲ್ಲ. ವಿಂಡೋಸ್ 10, 11ರಲ್ಲಿ ‘ಡೆಲಿವರಿ ಆಪ್ಟಿಮೈಸೇಷನ್’ ಹುಡುಕಿ, ನಮ್ಮ ಲೋಕಲ್ ನೆಟ್‌ವರ್ಕಿನ ಮಷೀನುಗಳಿಂದ ಮಾತ್ರ ಅನ್ನೋದನ್ನ ಆರಿಸಿ. ಮನೆಯಲ್ಲಿ ಮ್ಯಾಕ್ ಇದ್ದರೆ ಶೇರಿಂಗ್ ಸೆಟ್ಟಿಂಗಿನ ‘ಕಂಟೆಂಟ್ ಕ್ಯಾಶಿಂಗ್’ ಆನ್ ಮಾಡಿ, ಐಫೋನ್ ಅಪ್‌ಡೇಟೂ ಅದರಿಂದಲೇ ಸಿಗುತ್ತೆ.

ಉಬುಂಟು ಲ್ಯಾಪ್‌ಟಾಪನ್ನು ಮನೆಗೂ ಆಫೀಸಿಗೂ ಹೊತ್ತು ತಿರುಗುವವರಿಗೆ ಒಂದು ತೊಡಕಿದೆ. ಹೊರಗೆ ಹೋದಾಗ ಪ್ರಾಕ್ಸಿ ಸಿಗದೆ ಅಪ್‌ಡೇಟ್ ನಿಂತುಬಿಡುತ್ತೆ. ಅಂಥವರು ಆ ಒಂದು ಸಾಲಿನ ಬದಲು ‘ಪ್ರಾಕ್ಸಿ-ಆಟೋ-ಡಿಟೆಕ್ಟ್’ ಸಾಲು ಹಾಕಿ, ಒಂದು ಚಿಕ್ಕ ಸ್ಕ್ರಿಪ್ಟಿನ ಹೆಸರು ಕೊಡಿ. ಪ್ರಾಕ್ಸಿ ಕಂಡರೆ ಸ್ಕ್ರಿಪ್ಟು ಅದರ ವಿಳಾಸ ಹೇಳಬೇಕು, ಕಾಣದಿದ್ದರೆ ‘ಡೈರೆಕ್ಟ್’ ಅಂದರೆ ಸಾಕು.